ಕೆಳಗಿನ ದೇವರು

ಎರಡನೆಯ ಮಗ್ಗದಲ್ಲಿ ಎಳೆ ಹರಿದು, ಮಗ್ಗ ತಾನಾಗಿಯೇ ನಿಂತು ಸುಮಾರು ಹೊತ್ತಾಗಿತ್ತು. ಅದರ ಮುಂದೆಯೇ ನಿಂತಿದ್ದ ವೆಂಕಟರಾಯಪ್ಪನಿಗೆ ಅದು ಗೊತ್ತಾದದ್ದು ಬೈರೇಶ ಬಂದು ಹೆಗಲು ಮುಟ್ಟಿದಾಗ. ‘ಏನ್ ದೇವ್ರು, ಲೋಕ ನಿಂತೋಯ್ತು, ನೋಡ್ಕೊಳ್ಳಲ್ವಾ?’ ಎಂದ ಬೈರೇಶ, ಉಳಿದ ಮಗ್ಗಗಳ ಸದ್ದನ್ನು ಮೀರಿಸಿ. ಅವನ ಮಾತಿನಲ್ಲಿ ವಿಷವಿರಲಿಲ್ಲ. ಈ ಶೆಡ್ಡಿಗೆ ಕೆಲಸಕ್ಕೆ ಸೇರಿದಂದಿನಿಂದ ಅವನು ಹೀಗೆಯೇ, ಎಲ್ಲರಿಗೂ ಒಂದೊಂದು ಹೆಸರಿಟ್ಟು ಕರೆಯುವವನು. ವೆಂಕಟರಾಯಪ್ಪ ದೇವರ ಪಾತ್ರ ಮಾಡಿದ ಸಿನಿಮಾ ಬರುವ ಮೊದಲೂ ಅವನನ್ನು ‘ದೇವ್ರು’ ಎಂದೇ ಕರೆಯುತ್ತಿದ್ದ. ಆಗ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ವೆಂಕಟರಾಯಪ್ಪ ಕೇಳಿಸದವನಂತೆ ಮುಖ ತಿರುಗಿಸಿ ಒಳಗೇ ನಗುತ್ತಿದ್ದ. ಶುಕ್ರವಾರದಿಂದ ಅದೇ ಮಾತು ಬೇರೆಯಾಗಿತ್ತು. ಕರೆದವರ ತುಟಿಯ ಕೊನೆಯಲ್ಲಿ ಏನಿದೆ ಎಂದು ಹುಡುಕಬೇಕಾಗಿತ್ತು. ಟೀ ಅಂಗಡಿಯಲ್ಲಿ, ಹೂವಿನವಳ ಹತ್ತಿರ, ದೇವಸ್ಥಾನದ ಕಟ್ಟೆಯ ಮೇಲೆ ಎಲ್ಲ ಕಡೆ ಹುಡುಕುತ್ತ ಹುಡುಕುತ್ತ ಈಗ ಅವನಿಗೆ ಮುಖಗಳನ್ನು ನೋಡುವುದೇ ಸುಸ್ತಾಗಿತ್ತು. ಹರಿದ ಎಳೆಯ ತುದಿ ಹಿಡಿದು ಗಂಟು ಹಾಕಹೋದರೆ ಬೆರಳು ಒಪ್ಪಲಿಲ್ಲ. ‘ಬಿಡಿ, ನಾನ್ ಹಾಕ್ತೀನಿ. ಇವತ್ತು ಕಾಲೇಜಿನ ಫಂಕ್ಷನ್ನು ಅಲ್ವಾ, ಹೋಗಿ ರೆಡಿಯಾಗಿ’ ಎಂದು ಬೈರೇಶ ಅವನನ್ನು ಪಕ್ಕಕ್ಕೆ ಸರಿಸಿದ. ತನ್ನ ಮಗ್ಗದಿಂದಲೇ ತನ್ನನ್ನು ಸರಿಸಿದರೆ ಸರಿಯುವಷ್ಟು ತಾನು ಹಗುರಾಗಿದ್ದೇನಲ್ಲ ಎನ್ನಿಸಿತು.

ಕಾಲೇಜಿಗೆ ಹೋಗಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಮಾನಸ ಫೋನು ಮಾಡಿದ್ದಳು. ‘ಅಪ್ಪ, ನೀನು ಬರ್ಲೇಬೇಕು. ದೇವೇಂದ್ರ ಸಾರೂ ಬರ್ತಿದ್ದಾರೆ. ಮಕ್ಕಳು ನಿನ್ನನ್ನ ನೋಡ್ಬೇಕು ಅಂತಿದ್ದಾರಂತೆ.’ ಮಾನಸ ಅವನ ಒಬ್ಬಳೇ ಮಗಳು. ದೇವೇಂದ್ರನ ಹತ್ತಿರ ಸಹಾಯಕ ನಿರ್ದೇಶಕಿ, ‘ಹರಕು’ ಸಿನಿಮಾದ ಕತೆ ಬರೆದವರಲ್ಲಿ ಅವಳದೂ ಒಂದು ಹೆಸರಿದೆ. ಹೋದ ವರ್ಷ ಯುಗಾದಿಯಾದ ಮೇಲೆ ಅವಳು ದೇವೇಂದ್ರನನ್ನು ಮನೆಗೆ ಕರೆತಂದಿದ್ದಳು. ಕುರ್ಚಿ ಹಾಕಿದರೂ ಅವನು ಚಾಪೆಯ ಮೇಲೇ ಕೂತು, ಹೆಂಡತಿ ಗಂಗಲಕ್ಷ್ಮಮ್ಮ ಕೊಟ್ಟ ಕಾಫಿಯನ್ನು ಹೊಗಳುತ್ತ ಕುಡಿದು ಹೇಳಿದ: ‘ಒಂದು ಲೋಕ ಇದೆ ಸರ್. ಮುಂದಿನ ಕಾಲದ್ದು. ಅಲ್ಲಿ ಆಕಾಶ ಅನ್ನೋದು ಬಟ್ಟೆ. ಸೂರ್ಯ, ಚಂದ್ರ, ಮನೆ, ಮಠ ಎಲ್ಲ ಅದರಲ್ಲಿ ನೇಯ್ದಿರೋದು. ನೇಯೋನು ದೇವರು. ಆ ದೇವರು ನೀವೇ.’ ವೆಂಕಟರಾಯಪ್ಪ ಮಗಳ ಕಡೆ ನೋಡಿದ. ಅವಳು ತಲೆ ಬಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಿದ್ದಳು. ನಾಚಿಕೆ ಎಂದುಕೊಂಡ. ದೇವತೆಗಳ ಮಾನ ಮುಚ್ಚಲು ಬಟ್ಟೆ ನೇಯ್ದುಕೊಟ್ಟ ದೇವಲ ಮಹರ್ಷಿಯ ಕತೆಯನ್ನು ಅಜ್ಜನ ತೊಡೆಯ ಮೇಲೆ ಕೂತು ಕೇಳಿದವನಿಗೆ ನೇಯುವ ದೇವರೆಂದರೆ ವಿಚಿತ್ರವೇನೂ ಅನ್ನಿಸಲಿಲ್ಲ. ಬಹಳ ತಡವಾಗಿ ಯಾರೋ ನಿಜವನ್ನು ಹೇಳಿದಂತೆ ಅನ್ನಿಸಿತು. ಹೊರಡುವಾಗ ದೇವೇಂದ್ರ ಕಾಲು ಮುಟ್ಟಿ ನಮಸ್ಕರಿಸಿದ. ಆ ಬೆರಳುಗಳ ತಣ್ಣಗಿನ ಸ್ಪರ್ಶ ಪಾದದ ಮೇಲೆ ಈಗ, ಬಚ್ಚಲಲ್ಲಿ ಬಿಸಿನೀರು ಸುರಿದುಕೊಳ್ಳುವಾಗಲೂ, ಹಾಗೇ ಇದೆ. ಎಷ್ಟು ಉಜ್ಜಿದರೂ ಇದೆ.

ಶೂಟಿಂಗಿನ ದಿನಗಳಲ್ಲಿ ಅವನು ಬೆಳಿಗ್ಗೆ ತಣ್ಣೀರಿನಲ್ಲಿ ಮಿಂದು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟು, ಒಂದು ಲೋಟ ಹಾಲು ಮಾತ್ರ ಕುಡಿದು ಹೋಗುತ್ತಿದ್ದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಹರೆಯದಲ್ಲಿ ಪೌರಾಣಿಕ ನಾಟಕಗಳಲ್ಲಿ ದುರ್ಯೋಧನನ ಪಾತ್ರ ಕಟ್ಟುತ್ತಿದ್ದಾಗ ಬೀಡಿ ಸೇದುತ್ತಲೇ ಬಣ್ಣ ಹಚ್ಚಿಕೊಂಡವನು ಅವನು. ಆದರೆ ಇದು ದೇವರ ಪಾತ್ರ. ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿ ಮುಚ್ಚಿಹೋಗಿದ್ದ ಒಂದು ಫ್ಯಾಕ್ಟರಿಯ ಶೆಡ್ಡನ್ನು ಬಾಡಿಗೆಗೆ ಹಿಡಿದು, ಅದರ ನಡುವೆ ಗುಣಿ ತೋಡಿ ಹಳೆಯ ಕೈಮಗ್ಗವೊಂದನ್ನು ನಿಲ್ಲಿಸಿದ್ದರು. ಮಗ್ಗದಿಂದ ಹೊರಟ ನೂಲುಗಳು ಛಾವಣಿಯವರೆಗೂ ಹೋಗಿ ಮಂಜಿನ ಹಾಗೆ ಹರಡಿದ್ದವು. ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಅಪ್ಪ ಸತ್ತ ಮೇಲೆ ಮೊದಲ ಸಲ ಕೈಯಲ್ಲಿ ಲಾಳಿ ಹಿಡಿದಾಗ ಅವನಿಗೆ ಕಣ್ಣು ತುಂಬಿತ್ತು. ‘ಹಾಗೇ ಇರಿ ಸರ್, ಹಾಗೇ ಇರಿ’ ಎಂದು ದೇವೇಂದ್ರ ಪಿಸುಗುಟ್ಟಿದ್ದ. ಆಮೇಲೆ ಕಣ್ಣಿಗೆ ಬಿಳಿಯ ಲೆನ್ಸು ಹಾಕಿದರು. ‘ಇದು ತೇಜಸ್ಸು ಸರ್, ಕಣ್ಣಲ್ಲಿ ಬೆಳಕು ತುಂಬಿರೋ ಹಾಗೆ ಕಾಣುತ್ತೆ’ ಎಂದ. ಹಾಕಿದ ಮೇಲೆ ಹಾಲಿನಂಥ ಮಸುಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮಾನಸ ಕೈಹಿಡಿದು ಮಗ್ಗದ ತನಕ ನಡೆಸುತ್ತಿದ್ದಳು. ಅವಳ ಅಂಗೈ ಬೆವರಿರುತ್ತಿತ್ತು. ಮಗಳ ಕೈಹಿಡಿದು ನಡೆಯುವ ಸುಖದಲ್ಲಿ ಅವನು ಆ ಬೆವರಿನ ಅರ್ಥ ಕೇಳಲಿಲ್ಲ.

ಕೊನೆಯ ದಿನ ಶೂಟಿಂಗ್ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಶಟರು ಎಳೆದಿದ್ದ ಶೆಡ್ಡಿನಲ್ಲಿ ಮಧ್ಯಾಹ್ನವೇ ಕಗ್ಗತ್ತಲು. ಎಲ್ಲೋ ಹತ್ತಿರದಲ್ಲಿ ನಾಯಕಿಯ ಪಾತ್ರ ಮಾಡುತ್ತಿದ್ದ ಹರ್ಷಿತ ಎಂಬ ಹುಡುಗಿ ಬಿಕ್ಕಿ ಅಳತೊಡಗಿದಳು. ಯಾರೂ ಅವಳನ್ನು ಸಮಾಧಾನ ಮಾಡುತ್ತಿಲ್ಲವಲ್ಲ ಎಂದು ವೆಂಕಟರಾಯಪ್ಪನಿಗೆ ಸಂಕಟವಾಗಿ, ಮಗ್ಗದಿಂದಲೇ ಕೈ ಚಾಚಿ, ‘ಹೆದರ್ಕೋಬೇಡ ಕಣಮ್ಮ. ನಾನಿದೀನಲ್ಲ. ಹೊರಗಡೆ ಏನೂ ಇಲ್ಲ. ಇರೋದೆಲ್ಲ ಇಲ್ಲೇ, ನಮ್ಮ ಹತ್ರಾನೇ ಇದೆ’ ಎಂದಿದ್ದ. ಹೇಳುತ್ತಿದ್ದಂತೆಯೇ ಅದು ತಾನು ಮಾನಸಳಿಗೆ ಹೇಳುತ್ತಿದ್ದ ಮಾತೆಂದು ನೆನಪಾಗಿತ್ತು. ಅವಳು ಚಿಕ್ಕವಳಿದ್ದಾಗ ಅವರು ಮಗ್ಗದ ಶೆಡ್ಡಿನ ಹಿಂದಿನ ಒಂದೇ ಕೋಣೆಯಲ್ಲಿದ್ದರು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದ ಕೂಸಿಗೆ ಕತ್ತಲೆಯ ಹೆದರಿಕೆ ಇರಲಿಲ್ಲ. ಕರೆಂಟು ಹೋದ ಕೂಡಲೇ ಆ ಸದ್ದು ಗಕ್ಕನೆ ನಿಲ್ಲುತ್ತಿತ್ತಲ್ಲ, ಆ ಮೌನಕ್ಕೆ ಅದು ಚೀರುತ್ತಿತ್ತು. ಹೊರಗೆ ಏನೋ ಬಂದು ನಿಂತಿದೆ ಅನ್ನುತ್ತಿತ್ತು. ಅವನು ಎತ್ತಿ ಎದೆಗೆ ಒತ್ತಿಕೊಂಡು ಇದೇ ಮಾತು ಹೇಳಿದರೆ, ಅವನ ಎದೆಯ ಬಡಿತವನ್ನೇ ಮಗ್ಗದ ಸದ್ದೆಂದುಕೊಂಡು ನಿದ್ದೆಹೋಗುತ್ತಿತ್ತು. ಅವನ ಬದುಕಿನಲ್ಲಿ ಅನುಮಾನವಿಲ್ಲದೆ ಒಳ್ಳೆಯದು ಎಂದು ಹೇಳಬಹುದಾದ್ದು ಇದ್ದರೆ ಅದೊಂದೇ. ಸೋಂಪುರದಲ್ಲಿ ಲೈಟು ಬಂದು ಕಣ್ಣಿನ ಲೆನ್ಸು ತೆಗೆದ ಮೇಲೆ ಅವನು ಹರ್ಷಿತಳಿಗೆ ನೀರಿನ ಬಾಟಲಿ ಕೊಟ್ಟು ತಲೆ ಸವರಿದ. ಮಾನಸ ಎಲ್ಲಿ ಎಂದು ಕೇಳಿದರೆ, ಹೊರಗೆ ಹೋದರು ಎಂದರು.

ಬಸ್ ಸ್ಟ್ಯಾಂಡಿನ ಹತ್ತಿರದ ಟಾಕೀಸಿನಲ್ಲಿ ಶುಕ್ರವಾರ ಬೆಳಗಿನ ಆಟಕ್ಕೆ ಅವನು ಸೂಲಿಬೆಲೆಯಿಂದ ಷಡ್ಡಕ ಬೈಲಪ್ಪನನ್ನು ಸಂಸಾರಸಮೇತ ಕರೆಸಿದ್ದ. ಪರದೆಯ ಮೇಲೆ ಮಗ್ಗದ ಮುಂದೆ ಕೂತ ವೆಂಕಟರಾಯಪ್ಪ ಮೊದಲು ಕಾಣಿಸಿದಾಗ ಬೈಲಪ್ಪ ಪಕ್ಕದಲ್ಲಿ ಕೂತ ಷಡ್ಡಕನೇ ಅವನೆಂಬುದನ್ನು ಮರೆತು ಎರಡೂ ಕೈ ಜೋಡಿಸಿದ. ವೆಂಕಟರಾಯಪ್ಪ ಕತ್ತಲಲ್ಲಿ ಬೆವರಿದ. ಅರ್ಧ ಸಿನಿಮಾದವರೆಗೂ ಹಾಗೇ ಇತ್ತು. ಆಮೇಲೆ ಹುಡುಗಿಯ ಕಿವಿಯಲ್ಲಿ ಒಂದು ಹಾವು ಮಾತಾಡತೊಡಗಿತು: ಈ ಆಕಾಶ ಬಟ್ಟೆ, ನೀನು ಸೆರೆಯಲ್ಲಿದ್ದೀಯ, ನಿನ್ನೊಳಗಿನ ಕಿಡಿ ಇಲ್ಲಿಯದಲ್ಲ, ಇದನ್ನು ನೇಯ್ದವನು ದೇವರೇ ಅಲ್ಲ, ತನಗಿಂತ ಮೇಲೊಬ್ಬನಿದ್ದಾನೆಂದೇ ತಿಳಿಯದ ಕುರುಡ. ಕುರುಡ ಎಂದಾಗ ಪರದೆಯ ತುಂಬ ಅವನ ಕಣ್ಣು ಬಂತು. ತೇಜಸ್ಸು ಅಲ್ಲ ಅದು. ಬೆಂದ ಮೀನಿನ ಕಣ್ಣು. ಜನ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಆ ಲೋಕದಲ್ಲಿ ಬೆಳಕು ಆರಿತು, ಹಸಿರು ಮಸುಕಿನಲ್ಲಿ ಅವನ ಮುಖ ಹೊಳೆಯಿತು, ಚಾಚಿದ ಕೈ ಹುಡುಗಿಯ ಕತ್ತಿನ ಹತ್ತಿರ ತಡಕಾಡಿತು, ಅವನದೇ ದನಿ ಹೇಳಿತು: ಹೆದರ್ಕೋಬೇಡ ಕಣಮ್ಮ. ಹೊರಗಡೆ ಏನೂ ಇಲ್ಲ. ‘ಸುಳ್ಳ’ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಕೊನೆಗೆ ಹುಡುಗಿ ಆಕಾಶವನ್ನು ಹರಿದಳು, ಬೆಳಕು ಸುರಿಯಿತು, ಮಗ್ಗದ ಮುಂದಿನವನು ಒಣಗಿದ ಎಲೆಯಂತೆ ಮುದುರಿಹೋದ, ಸೀಟಿಗಳು ಬಿದ್ದವು. ಬೈಲಪ್ಪ ಆಗ ಜೋಡಿಸಿದ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಹೊರಗೆ ಬಂದ ಮೇಲೆ, ‘ಏನೋಪ್ಪ, ಈಗಿನ ಕಾಲದ ಕತೆ. ನಮ್ಗೆಲ್ಲಿ ಅರ್ಥ ಆಗುತ್ತೆ’ ಎಂದು ಚಪ್ಪಲಿ ನೋಡುತ್ತ ಹೇಳಿ, ಊಟಕ್ಕೂ ನಿಲ್ಲದೆ ಹೊರಟ.

‘ಮುಖ ಯಾಕೆ ಹಂಗ್ ಮಾಡ್ಕೊಂಡಿದೀರ? ಚೆನ್ನಾಗೇ ಮಾಡಿದೀರಲ್ಲ’ ಎಂದು ಗಂಗಲಕ್ಷ್ಮಮ್ಮ ಈಗ ಇಸ್ತ್ರಿಯ ಅಂಗಿ ತಂದುಕೊಟ್ಟಳು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ‘ಹೇಳಿದ್ರೆ ಮಾಡ್ತಿರ್ಲಿಲ್ವಾ ನಾನು?’ ಎಂದ. ‘ಏನು?’ ‘ದುರ್ಯೋಧನನ್ ಮಾಡ್ದೋನು ಇದನ್ ಮಾಡ್ತಿರ್ಲಿಲ್ವಾ? ಕೆಟ್ಟೋನು ಅಂತ ಹೇಳಿದ್ರೆ ಕೆಟ್ಟೋನ್ ಥರ ಮಾಡ್ತಿದ್ದೆ.’ ಗಂಗಲಕ್ಷ್ಮಮ್ಮ ಕಾಲರು ಸರಿಮಾಡಿದಳು. ದುರ್ಯೋಧನನಿಗೆ ತಾನು ಯಾರೆಂದು ಗೊತ್ತು. ಹಿರಣ್ಯಕಶಿಪು ನಾನೇ ದೇವರು ಎಂದರೂ ಅವನಿಗೆ ಹರಿಯಿದ್ದಾನೆಂದು ಗೊತ್ತು, ಕಂಬ ಕಂಬ ಹುಡುಕುತ್ತಾನೆ. ಈ ನೇಯುವ ದೇವರೊಬ್ಬನಿಗೆ ಮಾತ್ರ ಏನೂ ಗೊತ್ತಿಲ್ಲ. ಪಾತ್ರಕ್ಕೂ ಗೊತ್ತಿಲ್ಲ, ಪಾತ್ರ ಮಾಡಿದವನಿಗೂ ಗೊತ್ತಿಲ್ಲ. ಆದರೆ ಇದೆಲ್ಲ ದೇವೇಂದ್ರನ ಕೆಲಸ, ಎಡಿಟಿಂಗಿನಲ್ಲಿ ಏನು ಬೇಕಾದರೂ ಮಾಡುತ್ತಾರಂತೆ, ಮಾನಸಳಿಗೂ ಹೇಳಿರಲಿಕ್ಕಿಲ್ಲ. ಶುಕ್ರವಾರದಿಂದ ಅವನು ಅವಳನ್ನು ಕೇಳಿರಲಿಲ್ಲ. ಕೇಳದಿರುವವರೆಗೂ ಅವಳಿಗೆ ಗೊತ್ತಿರಲಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ಹುಡುಗ ಹುಡುಗಿಯರು ಕಿಟಕಿಯ ಕಟ್ಟೆಯ ಮೇಲೂ ಕೂತಿದ್ದರು. ವೇದಿಕೆಯ ಮೇಲೆ ದೇವೇಂದ್ರ, ಅವನ ಪಕ್ಕ ಮಾನಸ, ತುದಿಯಲ್ಲಿ ವೆಂಕಟರಾಯಪ್ಪ. ಹೆಗಲಿಗೆ ಶಾಲು ಬಿತ್ತು. ಇಂಗ್ಲಿಷ್ ಅಧ್ಯಾಪಕಿ ಅರುಣಾ ಮೇಡಂ ಮೈಕಿನ ಮುಂದೆ ನಿಂತು, ಸಾವಿರದ ಎಂಟುನೂರು ವರ್ಷಗಳ ಹಿಂದೆ ಈಜಿಪ್ಟಿನ ಕಡೆ ಕ್ರೈಸ್ತರಲ್ಲೇ ಕೆಲವರು ಹೀಗೆ ನಂಬಿದ್ದರು ಎಂದು ವಿವರಿಸಿದಳು. ಅವರ ಪ್ರಕಾರ ಈ ಲೋಕವನ್ನು ಮಾಡಿದ್ದು ಮೇಲಿನ ದೇವರಲ್ಲ, ಕೆಳಗಿನ ಒಬ್ಬ ದೇವರು. ಅವನು ತಾನು ಮಾಡಿದ್ದನ್ನು ನೋಡಿ ನನ್ನ ಬಿಟ್ಟರೆ ಇನ್ನೊಬ್ಬ ದೇವರಿಲ್ಲ ಎಂದು ಸಾರಿದ. ಮೇಲಿನಿಂದ ಒಂದು ದನಿ, ತಪ್ಪು ತಿಳಿದಿದ್ದೀಯ ಕುರುಡ, ಎಂದಿತು. ಮನುಷ್ಯರೊಳಗೆ ಮೇಲಿನ ಬೆಳಕಿನ ಒಂದು ಕಿಡಿ ಸಿಕ್ಕಿಕೊಂಡಿದೆ, ಜ್ಞಾನ ಬಂದರೆ ಅದು ಬಿಡುಗಡೆಯಾಗುತ್ತದೆ. ‘ಸುಳ್ಳು ಲೋಕ, ಅದನ್ನು ನಡೆಸೋ ಯಂತ್ರ, ಎಚ್ಚರಾಗೋ ನಾಯಕ, ಇದೆಲ್ಲ ಸೈನ್ಸ್ ಫಿಕ್ಷನ್ ಸಿನಿಮಾಗಳಿಗೆ ಬಂದಿದ್ದು ಅಲ್ಲಿಂದ’ ಎಂದಳು. ವೆಂಕಟರಾಯಪ್ಪ ಆ ಕೆಳಗಿನ ದೇವರ ಬಗ್ಗೆ ಯೋಚಿಸುತ್ತಿದ್ದ. ಅವನಿಗೆ ಯಾರಾದರೂ ಮೊದಲೇ ಹೇಳಬಹುದಿತ್ತು. ಮೇಲಿನವನು, ಅಷ್ಟು ಬೆಳಕಿದ್ದವನು, ಅಷ್ಟು ಕಾಲ ಸುಮ್ಮನಿದ್ದು, ಅವನು ಸಂತೋಷಪಟ್ಟು ಬಾಯಿಬಿಟ್ಟ ಮೇಲೆ ಎಲ್ಲರೆದುರು ಕುರುಡ ಎಂದನಲ್ಲ. ಮುಂದಿನ ಸಾಲಿನಲ್ಲಿ ಎತ್ತರದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಈ ಪ್ರಶ್ನೆ ವೆಂಕಟರಾಯಪ್ಪ ಸಾರಿಗೆ. ಕತ್ತಲೆ ಸೀನಲ್ಲಿ ನಿಮ್ಮ ಮಾತು ಕೇಳಿದ್ರೆ ಭಯ ಆಗುತ್ತೆ, ಯಾಕಂದ್ರೆ ನಿಜವಾಗ್ಲೂ ಪ್ರೀತಿಯಿಂದ ಹೇಳ್ತೀರ. ಅದನ್ನ ಹೇಗೆ ಮಾಡಿದ್ರಿ ಸರ್?’

ಅವನು ಬಾಯಿ ತೆರೆಯುವ ಮುಂಚೆ ದೇವೇಂದ್ರ ನಗುತ್ತ ಮೈಕು ತೆಗೆದುಕೊಂಡ. ‘ಅದೊಂದು ಸೀಕ್ರೆಟ್ಟು. ಈಗ ಹೇಳ್ಬಹುದು ಅನ್ಸುತ್ತೆ. ಸಾರಿಗೆ ನಾವು ಪೂರ್ತಿ ಕತೆ ಹೇಳಿರ್ಲೇ ಇಲ್ಲ. ಅವರು ದೇವರ ಪಾತ್ರ ಅಂತಾನೇ ಅಂದ್ಕೊಂಡು ಉಪವಾಸ ಇದ್ದು ಬರ್ತಿದ್ರು. ತಾನು ಸುಳ್ಳು ಅಂತ ಆ ದೇವರಿಗೆ ಗೊತ್ತಿಲ್ಲ ಅಲ್ವಾ, ನಟನಿಗೂ ಗೊತ್ತಿರಬಾರ್ದು. ಇದು ಮಾನಸ ಐಡಿಯಾ, ಕ್ರೆಡಿಟ್ ಅವಳಿಗೇ ಹೋಗ್ಬೇಕು. ಕತ್ತಲೆ ಸೀನಿಗೆ ನಾನು ಡೈಲಾಗ್ ಬರ್ದಿದ್ದೆ. ಮಾನಸ ಬೇಡ ಅಂದ್ಳು. ಕರೆಂಟು ತೆಗೆದುಬಿಡಿ, ಹರ್ಷಿತಾಗೆ ಅಳೋಕೆ ಹೇಳಿ, ಅಪ್ಪ ಏನು ಹೇಳ್ತಾರೆ ಅಂತ ನನಗೆ ಗೊತ್ತು, ಅಂದ್ಳು. ಕತ್ತಲಲ್ಲೂ ಕಾಣೋ ಕ್ಯಾಮೆರಾ ಆನ್ ಇತ್ತು. ಒಂದಕ್ಷರ ಆಚೀಚೆ ಇಲ್ಲ, ಅವಳು ನನಗೆ ಮೊದಲೇ ಬರೆದುಕೊಟ್ಟಿದ್ದ ಹಾಗೇ ಹೇಳಿದ್ರು.’ ಸಭೆಯಲ್ಲಿ ಓ ಎಂಬ ಉದ್ಗಾರವೆದ್ದು ಚಪ್ಪಾಳೆಯಾಯಿತು. ವೆಂಕಟರಾಯಪ್ಪ ಮಗಳನ್ನು ನೋಡಿದ. ಅವಳು ನೋಡಲಿಲ್ಲ. ಮುಂದಿದ್ದ ನೀರಿನ ಬಾಟಲಿಯ ಚೀಟಿಯನ್ನು ಉಗುರಿನಿಂದ ಸುಲಿಯುತ್ತಿದ್ದಳು. ಅವಳ ಕುತ್ತಿಗೆಯ ಹಿಂದೆ, ಕೂದಲು ಮುಗಿಯುವಲ್ಲಿ, ಚಿಕ್ಕಂದಿನಿಂದ ಇದ್ದ ಮಚ್ಚೆ. ಅಳುವ ಕೂಸನ್ನು ಎತ್ತಿಕೊಂಡಾಗ ಅವನ ಗಲ್ಲ ತಾಗುತ್ತಿದ್ದುದು ಅಲ್ಲಿಗೇ. ಹಾಗಾದರೆ ಆ ಸಂಜೆಗಳಲ್ಲಿ ಅವಳು ನಿದ್ದೆಹೋಗಿರಲಿಲ್ಲವೇ? ಕಣ್ಣು ಮುಚ್ಚಿಕೊಂಡು ಮಾತನ್ನು ಒಂದೊಂದಾಗಿ ಎತ್ತಿಡುತ್ತಿದ್ದಳೇ? ಅದು ಸಾಧ್ಯವಿಲ್ಲ, ನಾಲ್ಕು ವರ್ಷದ ಕೂಸು. ಆದರೂ ಆ ಕೋಣೆ, ಆ ಬೆಚ್ಚಗಿನ ತೂಕ, ಈಗ ಇಷ್ಟೊಂದು ಜನ ಚಪ್ಪಾಳೆ ತಟ್ಟುತ್ತಿರುವಾಗ, ಯಾರೋ ಕಟ್ಟಿ ನಿಲ್ಲಿಸಿದ ಸೆಟ್ಟಿನಂತೆ ಕಂಡಿತು.

‘ಸರ್, ನಿಜವಾಗ್ಲೂ ನಿಮಗೆ ಗೊತ್ತಿರ್ಲಿಲ್ವಾ?’ ಎಂದು ಆ ಹುಡುಗಿ ಇನ್ನೂ ನಿಂತೇ ಕೇಳಿದಳು. ಅವಳ ದನಿಯಲ್ಲಿ ನಗುವಿರಲಿಲ್ಲ. ಮೈಕು ಕೈಯಿಂದ ಕೈಗೆ ದಾಟಿ ಅವನ ಹತ್ತಿರ ಬಂತು. ‘ಗೊತ್ತಿತ್ತು’ ಎಂದ ವೆಂಕಟರಾಯಪ್ಪ. ದನಿ ಅಷ್ಟು ದೊಡ್ಡದಾಗಿ ಕೇಳುತ್ತದೆಂದು ಅವನು ಎಣಿಸಿರಲಿಲ್ಲ. ‘ಮೊದಲ್ನೇ ದಿನಾನೇ ನನ್ ಮಗಳು ಎಲ್ಲಾ ಹೇಳಿದ್ಲು. ಕರೆಂಟ್ ತೆಗೀತಾರೆ, ಆ ಹುಡುಗಿ ಸುಮ್ ಸುಮ್ನೆ ಅಳ್ತಾಳೆ, ಆಗ ಹಿಂಗನ್ನು ಅಂತಾನೂ ಹೇಳ್ಕೊಟ್ಟಿದ್ಲು. ಡೈರೆಕ್ಟ್ರಿಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ ಅಂತ ಇಬ್ರೂ ಸುಮ್ನಿದ್ವಿ. ಉಪವಾಸ ಎಲ್ಲಾ ಸುಳ್ಳು. ದಾಬಸ್‌ಪೇಟೇಲಿ ಇಡ್ಲಿ ತಿನ್ಕೊಂಡೇ ಹೋಗ್ತಿದ್ದೆ.’ ಸಭಾಂಗಣವೇ ಕುಣಿದಂತೆ ನಗೆಯೆದ್ದಿತು, ಸೀಟಿ ಬಿತ್ತು. ಈ ಸಲ ಸೀಟಿ ಅವನಿಗೆ. ದೇವೇಂದ್ರನೂ ನಕ್ಕ, ಆದರೆ ನಗು ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತ್ತು. ಅವನು ಮಾನಸಳ ಕಡೆ ತಿರುಗಿದ. ಮಾನಸ ಅಪ್ಪನ ಕಡೆ ತಿರುಗಿದ್ದಳು. ಅವಳ ಮುಖ ಬಿಳಿಚಿತ್ತು. ಅವಳನ್ನು ಕಾಪಾಡಲು ಹೇಳಿದೆನೇ, ಸುಡಲು ಹೇಳಿದೆನೇ ಎಂದು ವೆಂಕಟರಾಯಪ್ಪ ತನ್ನನ್ನು ಕೇಳಿಕೊಂಡ. ಎರಡಕ್ಕೂ ಒಳಗಿನಿಂದ ಹೌದು ಎಂದೇ ಬಂತು.

ಕಾಲೇಜಿನ ಗೇಟಿನ ಹತ್ತಿರ ದೇವೇಂದ್ರ ಕಾರಿನ ಬಾಗಿಲು ತೆರೆದು ನಿಂತಿದ್ದ. ‘ನೀನು ಹೇಳಿದ್ಯಾ?’ ಎಂದು ಕೇಳುತ್ತಿದ್ದ. ‘ಇಲ್ಲ ಸರ್, ನಾನು ಹೇಳಿಲ್ಲ’ ಎಂದಳು ಮಾನಸ. ‘ಅಷ್ಟು ಕರೆಕ್ಟಾಗಿ ಹೇಳಿದ್ರಲ್ಲ ಅವರು, ಕರೆಂಟಿಂದ ಹಿಡಿದು.’ ‘ಅದು ಈಗ ನೀವೇ ಹೇಳಿದ್ದು ಸರ್.’ ‘ನಾಳೆಯಿಂದ ಎಲ್ಲಾ ಇಂಟರ್‌ವ್ಯೂಲೂ ಇದನ್ನೇ ಹೇಳ್ಬೇಕು ಅಂತಿದ್ದೆ ಕಣೆ. ನನ್ನನ್ನ ಕೋತಿ ಮಾಡಿದ್ರಲ್ಲ ಅಪ್ಪ ಮಗಳು’ ಎಂದ ದೇವೇಂದ್ರ. ದೂರದಲ್ಲಿ ನಿಂತ ವೆಂಕಟರಾಯಪ್ಪನಿಗೆ ಅಲ್ಲಿಂದಲೇ ಕೈಮುಗಿದು, ಅವಳನ್ನು ಹತ್ತಿಸಿಕೊಳ್ಳದೆ ಹೋದ. ವೆಂಕಟರಾಯಪ್ಪ ಓಡಿಹೋಗಿ ಕಾರು ನಿಲ್ಲಿಸಿ, ಇಲ್ಲಪ್ಪ, ನಾನು ಸುಳ್ಳು ಹೇಳಿದೆ, ಎಂದುಬಿಡಬಹುದಿತ್ತು. ಕಾರು ತಿರುವು ದಾಟುವವರೆಗೂ ಆ ಹೊತ್ತು ಇತ್ತು. ಅವನು ಶಾಲನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ.

ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದೇ ಬಂದರು. ಮನೆಗೆ ಬಾ ಎಂದು ಅವನು ಕರೆಯಲಿಲ್ಲ, ಬರುತ್ತೇನೆಂದು ಅವಳೂ ಅನ್ನಲಿಲ್ಲ. ಬೆಂಗಳೂರಿನ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಕೆಳಗೆ ನಿಂತ. ಹೂವು ಮಾರುವ ಹೆಂಗಸು ಇಬ್ಬರ ನಡುವೆ ಬುಟ್ಟಿ ಎತ್ತಿ ಹಿಡಿದು, ಬೇಡವೆಂದ ಮೇಲೆ ಹೋದಳು. ‘ಮುಂದಿನ ಪಿಕ್ಚರಿಗೆ ಬಹುಶಃ ನಾನು ಇರಲ್ಲ’ ಎಂದಳು ಮಾನಸ. ಅವನು ಶಾಲನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. ‘ಅವತ್ತು ಲೈಟ್ ಹಾಕೋ ಮುಂಚೇನೇ ನಾನು ಹೊರಗೆ ಹೋಗ್ಬಿಟ್ಟೆ ಅಪ್ಪ. ಶಟರ್ ಪಕ್ಕ ಕೂತು ವಾಂತಿ ಮಾಡ್ಕೊಂಡೆ. ಆಮೇಲೆ ಎಷ್ಟೋ ಸಲ ಹೇಳೋಣ ಅಂತ ಫೋನ್ ಮಾಡ್ತಿದ್ದೆ. ನೀನು ಊಟ ಆಯ್ತಾ ಅಂತಿದ್ದೆ.’ ಡ್ರೈವರು ಹತ್ತಿ ಕೂತ. ಬಸ್ಸು ಅಲುಗತೊಡಗಿತು. ಅವಳು ಕಿಟಕಿಯ ಸರಳು ಹಿಡಿದು ಮುಂದಕ್ಕೆ ಬಾಗಿದಳು. ಏನನ್ನೋ ಬೇಡುವಾಗ ಚಿಕ್ಕವರ ಮುಖ ಹೇಗಾಗುತ್ತದೋ ಹಾಗಾಗಿತ್ತು ಅವಳ ಮುಖ.

‘ಅಪ್ಪ, ನಿಜ ಹೇಳು. ನಿನಗೆ ನಿಜವಾಗ್ಲೂ ಗೊತ್ತಿತ್ತಾ?’

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಳು ತನಗೆ ಹೇಳಿರಲಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೇಳುತ್ತಿದ್ದಾಳೆ. ಹೇಗೋ, ಯಾರಿಂದಲೋ, ಅವನಿಗೆ ಗೊತ್ತಾಗಿರಲಿ ಎಂದು ಕೇಳುತ್ತಿದ್ದಾಳೆ. ಇಲ್ಲ ಎಂಬ ಒಂದು ಮಾತು ಅವನ ನಾಲಿಗೆಯ ಮೇಲಿತ್ತು. ಅದನ್ನು ಹೇಳಿದರೆ ಅವಳು ಇಳಿದುಬರುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅಳುತ್ತಿದ್ದಳು. ತಾನೂ ಬಯ್ಯುತ್ತಿದ್ದ, ಕೈಯೆತ್ತುತ್ತಿದ್ದನೇನೋ, ಆಮೇಲೆ ಇಬ್ಬರೂ ಮನೆಗೆ ಹೋಗುತ್ತಿದ್ದರು.

‘ಹೂಂ. ಗೊತ್ತಿತ್ತು’ ಎಂದ.

‘ಯಾವಾಗಿಂದ?’

‘ಮೊದಲಿಂದ್ಲೂ.’

ಮಾನಸ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅವಳ ಭುಜಗಳು ಇಳಿದವು. ಮತ್ತೆ ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು, ಹಗುರಾಗಿದ್ದವು. ‘ಥೂ, ಹೇಳ್ಬಾರ್ದಾ ಅಪ್ಪ, ನಾನು ಎಷ್ಟು ಒದ್ದಾಡ್ಬಿಟ್ಟೆ’ ಎಂದು ನಕ್ಕಳು. ಬಸ್ಸು ಹೊರಳಿತು. ಅವಳು ಕಿಟಕಿಯಿಂದ ಕೈ ಹೊರಹಾಕಿ, ಅವನು ಕಾಣುವವರೆಗೂ ನಗುತ್ತ ಬೀಸುತ್ತಿದ್ದಳು. ಅವನೂ ಕೈ ಎತ್ತಿ ಹಿಡಿದಿದ್ದ. ಎಷ್ಟು ಬೇಗ ನಂಬಿಬಿಟ್ಟಳು.